ಕಾಂಗೋ ಹತ್ತಿರ, ಔಟ್‌ಹೌಸ್ ದೂರ

ಹೋದ ತಿಂಗಳು ನಮ್ಮ ಮನೆಗೆ ಪೊಲೀಸ್ ಬಂದಿತ್ತು.

ಗಾಬರಿಯಾಗಬೇಡಿ. (ಸಂತೋಷವನ್ನೂ ಪಡಬೇಡಿ, ಅಂಕಣ ನಿಲ್ಲುವುದಿಲ್ಲ.) ಭಾನುವಾರ ಬೆಳಿಗ್ಗೆ ವರಾಂಡದಲ್ಲಿ ಬನಿಯನ್ ಹಾಕಿಕೊಂಡು ಪೇಪರು ಓದುತ್ತಿದ್ದೆ. ಗೇಟು ಕಿರ್ರೆಂದಿತು. ತಲೆ ಎತ್ತಿದರೆ ಖಾಕಿ.

ನಮ್ಮಂಥ ಮರ್ಯಾದಸ್ಥರಿಗೆ ಖಾಕಿ ಕಂಡ ಕೂಡಲೇ ಏನಾಗುತ್ತದೆ ಗೊತ್ತಲ್ಲ? ಮಾಡಿದ ಪಾಪಗಳೆಲ್ಲ ಕ್ಯೂ ನಿಲ್ಲುತ್ತವೆ. ರೇಡಿಯೋ ಲೈಸೆನ್ಸ್ ರಿನ್ಯೂ ಮಾಡಿಸಿಲ್ಲ. ಸೈಕಲ್ಲಿಗೆ ದೀಪವಿಲ್ಲ. ಕಾಂಪೌಂಡ್ ಗೋಡೆಯನ್ನು ರಸ್ತೆಯ ಕಡೆಗೆ ಒಂಚೂರು, ಒಂದೇ ಒಂಚೂರು, ಮುಂದಕ್ಕೆ ಕಟ್ಟಿಸಿದ್ದೇನೆ. ಎದುರು ಮನೆಯ ರಾಯರ ಕಿಟಕಿ ಆಗಲೇ ತೆರೆದುಕೊಂಡಿತ್ತು. ಜಯನಗರದ ನಮ್ಮ ಬೀದಿಯಲ್ಲಿ ನಲ್ಲಿ ನೀರು ತಡವಾಗಿ ಬಂದೀತು, ಸುದ್ದಿ ತಡವಾಗುವುದಿಲ್ಲ.

ಆಮೇಲೆ ಸರಿಯಾಗಿ ನೋಡಿದೆ. ಖಾಕಿ ಹೌದು, ಆದರೆ ಸೀರೆ. ಕಾಲಿಗೆ ಕಪ್ಪು ಬೂಟು. ಮೂವತ್ತರ ಆಸುಪಾಸಿನ ಹೆಣ್ಣುಮಗಳು.

"ನಮಸ್ಕಾರ ಸಾರ್. ನಾನು ಜಯಮ್ಮ. ಸಬ್ ಇನ್ಸ್‌ಪೆಕ್ಟರ್."

"ಲೈಸೆನ್ಸ್ ನಾಳೇನೇ ಕಟ್ಬಿಡ್ತೀನಮ್ಮಾ" ಎಂದೆ.

"ಯಾವ ಲೈಸೆನ್ಸ್ ಸಾರ್?"

"ಯಾವ್ದೂ ಇಲ್ಲ. ಕೂತ್ಕೊಳ್ಳಿ, ಕೂತ್ಕೊಳ್ಳಿ."

ಆಕೆ ಕುಳಿತರು. ನಾನು ಒಳಗೆ ಓಡಿ ಶರ್ಟು ಹಾಕಿಕೊಂಡು ಬಂದೆ. (ಗುಂಡಿ ಮೇಲೆ ಕೆಳಗಾಗಿತ್ತು ಎಂದು ಮನೆಯಾಕೆ ಆಮೇಲೆ ಹೇಳಿದಳು.)

"ನಿಮ್ಮ ಕಾಂಗೋ ಲೇಖನ ಓದಿದೆ ಸಾರ್. ಸ್ಟೇಷನ್ನಲ್ಲಿ ಎಲ್ರಿಗೂ ಓದಿ ಹೇಳ್ದೆ."

ಎದೆ ಒಂದಂಗುಲ ಹಿಗ್ಗಿತು. ನಿಮಗೂ ನೆನಪಿರಬಹುದು. (ಇಲ್ಲದಿದ್ದರೆ ಇದೆ ಎಂದೇ ಹೇಳಿ, ನನಗೆ ವಯಸ್ಸಾಗುತ್ತಿದೆ.) ನಮ್ಮ ಸೈನಿಕರು ಶಾಂತಿ ಕಾಯಲು ಕಾಂಗೋಗೆ ಹೋಗಿದ್ದಾರಲ್ಲ, ಆ ವಿಷಯ ಬರೆದಿದ್ದೆ. ಗಂಡಸರನ್ನು ಮಾತ್ರ ಏಕೆ ಕಳಿಸುತ್ತೀರಿ? ನಮ್ಮ ಪೊಲೀಸಿನಲ್ಲಿ ಈಗ ಹೆಣ್ಣುಮಕ್ಕಳೂ ಇದ್ದಾರೆ. ಊರು ಬಿಟ್ಟು ಓಡಿಬಂದ ಹೆಂಗಸು ಬಂದೂಕು ಹಿಡಿದ ಗಂಡಸಿನ ಮುಂದೆ ತನ್ನ ಕಷ್ಟ ಹೇಳಿಕೊಂಡಾಳೆ? ಶಾಂತಿಪಡೆಗೆ ಮಹಿಳಾ ಪೊಲೀಸರನ್ನು ಸೇರಿಸಿ! ಹೀಗೆಲ್ಲ ಗುಡುಗಿದ್ದೆ. ಬಸ್ಸಿನಲ್ಲಿ ಇಬ್ಬರು ಕೈ ಕುಲುಕಿದ್ದರು. ಆಫೀಸಿನ ಕ್ಯಾಂಟೀನಿನಲ್ಲಿ ಯಾರೋ ನನ್ನ ಕಾಫಿಯ ಬಿಲ್ಲು ಕೊಟ್ಟಿದ್ದರು. ನಮ್ಮ ಬಡಾವಣೆಯ ಮಹಿಳಾ ಸಂಘದವರು 'ವಿಶ್ವಶಾಂತಿ ಮತ್ತು ಮಹಿಳೆ' ಎಂಬ ಭಾಷಣಕ್ಕೆ ನನ್ನನ್ನು ಬುಕ್ ಮಾಡಿದ್ದರು.

"ನೀವು ಬರ್ದಿದ್ದು ನಿಜ ಸಾರ್" ಎಂದರು ಜಯಮ್ಮ. "ಇಲ್ಲೇ ನೋಡಿ, ಹೆಂಗಸ್ರು ಸ್ಟೇಷನ್ನಿಗೆ ಬಂದ್ರೆ ಗಂಡು ಪೊಲೀಸ್ನೋರ ಮುಂದೆ ನೆಲ ನೋಡ್ತಾ ನಿಂತ್ಬಿಡ್ತಾರೆ. ನಾನು ಪಕ್ಕಕ್ಕೆ ಕರ್ಕೊಂಡೋಗಿ ನೀರು ಕೊಟ್ರೆ ಆಮೇಲೆ ಮಾತು. ಕಾಂಗೋದಲ್ಲಿ ಬೇರೆ ಥರಾ ಇರುತ್ತಾ? ನನ್ನ ಕಳಿಸಿದ್ರೆ ನಾಳೇನೇ ಹೊರಡ್ತೀನಿ."

"ಭೇಷ್!" ಎಂದೆ.

"ಆದ್ರೆ ಅಮ್ಮನ್ನ ಎಲ್ಲಿ ಬಿಡ್ಲಿ ಸಾರ್? ಅದಕ್ಕೆ ಮೊದ್ಲು ಒಂದು ಮನೆ ಬೇಕು. ನಿಮ್ಮನೆ ಹಿಂದೆ ಔಟ್‌ಹೌಸ್ ಖಾಲಿ ಇದೆ, ಬೋರ್ಡ್ ನೋಡ್ದೆ."

ಹಿಗ್ಗಿದ್ದ ಎದೆ ಅಲ್ಲಿಯೇ ನಿಂತಿತು.

ಕಥೆ ಹೀಗೆ. ತಂದೆ ಇಲ್ಲ. ತಾಯಿಗೆ ಕಣ್ಣು ಮಂದ. ಮಂಡ್ಯದ ಹತ್ತಿರ ಸೋದರಮಾವನ ಮನೆಯಲ್ಲಿದ್ದಾರೆ. ಮಾವನ ಹೆಂಡತಿಗೆ ಸಾಕಾಗಿದೆ, ತಿಂಗಳ ಕೊನೆಗೆ ಕರೆದುಕೊಂಡು ಹೋಗು ಎಂದಿದ್ದಾರೆ. ಜಯಮ್ಮ ಇರುವುದು ಇನ್ನಿಬ್ಬರೊಡನೆ ಹಂಚಿಕೊಂಡ ಒಂದು ರೂಮಿನಲ್ಲಿ. ಅಲ್ಲಿಗೆ ತಾಯಿಯನ್ನು ತರುವ ಹಾಗಿಲ್ಲ. ಮನೆ ಹುಡುಕಲು ಬಸವನಗುಡಿಯಿಂದ ಬನಶಂಕರಿಯವರೆಗೆ ಅಲೆದಿದ್ದಾರೆ.

"ಗಂಡ ಏನ್ ಮಾಡ್ತಾರೆ ಅಂತಾರೆ. ಮದುವೆ ಆಗಿಲ್ಲ ಅಂದ್ರೆ ಬಾಗ್ಲು ಅರ್ಧ ಮುಚ್ಚುತ್ತೆ. ನೈಟ್ ಡ್ಯೂಟಿ ಇರುತ್ತೆ ಅಂದ್ರೆ ಪೂರ್ತಿ. ಒಬ್ರು, ನಮ್ಮನೇಲಿ ವಯಸ್ಸಿಗೆ ಬಂದ ಹೆಣ್ಮಕ್ಕಳಿದಾರೆ ಕಣಮ್ಮ ಅಂದ್ರು. ಹೆಣ್ಮಕ್ಕಳನ್ನ ಕಾಯೋದೇ ನನ್ ಕೆಲ್ಸ ಸಾರ್!" ಎಂದು ನಕ್ಕರು. "ನಿಮ್ಮ ಲೇಖನ ಓದಿದ್ಮೇಲೆ ಇನ್ನು ಯೋಚ್ನೆ ಇಲ್ಲ ಅನ್ಕೊಂಡೆ."

ನೋಡಿ, ಬರೆದರೆ ಹೀಗೂ ಆಗುತ್ತದೆ. ಓದುಗರು ನಂಬಿಬಿಡುತ್ತಾರೆ.

ನಾನು ಏನು ಮಾಡಿದೆ? ಸಂಸಾರಸ್ಥರೆಲ್ಲ ಮಾಡುವುದನ್ನೇ ಮಾಡಿದೆ. ಹೆಂಡತಿಯ ಸೆರಗಿನ ಹಿಂದೆ ಅವಿತುಕೊಂಡೆ.

"ನನ್ನದೇನೂ ಇಲ್ಲಮ್ಮ. ಮನೆಯವಳನ್ನ ಒಂದ್ಮಾತು ಕೇಳ್ಬೇಕು. ಅವಳು ಸ್ವಲ್ಪ ಹಳೇ ಕಾಲದೋಳು."

ಹಳೇ ಕಾಲದವಳು ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದಳು. "ಧಾರಾಳವಾಗಿ ಕೊಡೋಣ. ನಂಗೂ ಮಾತಿಗೆ ಒಬ್ರಾಗ್ತಾರೆ" ಎಂದಳು ಶಾರದ.

ಒಂದು ಕೋಟೆ ಬಿತ್ತು. ಎರಡನೆಯದಕ್ಕೆ ಓಡಿದೆ. "ನಮ್ಮಮ್ಮ ಇದ್ದಾರೆ. ಮಡಿ, ಮೈಲಿಗೆ... ನಿಮಗೇ ತೊಂದ್ರೆ."

ಅಮ್ಮನಿಗೆ ಕಿವಿ ಕೇಳಿಸುವುದಿಲ್ಲ ಎಂದು ನಾವೆಲ್ಲ ತಿಳಿದುಕೊಂಡಿದ್ದೇವೆ. ಬೇಕಾದ್ದು ಕೇಳಿಸುತ್ತದೆ. ಒಳಗಿನಿಂದಲೇ ಕೂಗಿದರು: "ಕೊಡೋ, ಕೊಡು! ಹೋದ ವರ್ಷ ಹಿತ್ತಲಿಂದ ನನ್ನ ತಾಮ್ರದ ಹಂಡೆ ಹೊತ್ಕೊಂಡೋದ್ರಲ್ಲ, ಪೊಲೀಸ್ನೋಳು ಇದ್ದಿದ್ರೆ ಹೋಗ್ತಿತ್ತಾ?"

ಇನ್ನೇನು ಉಳಿಯಿತು? ಕ್ಯಾಲೆಂಡರ್ ಉಳಿಯಿತು. ಗೋಡೆಯ ಮೇಲೆ ನೇತಾಡುತ್ತಿತ್ತು. ನನ್ನ ಪುಣ್ಯ, ಆಷಾಢ.

"ಅಯ್ಯೋ! ಈಗ ಆಷಾಢ ಅಲ್ವೇನಮ್ಮಾ? ಆಷಾಢದಲ್ಲಿ ಯಾರಾದ್ರೂ ಹೊಸ ಮನೇಗೆ ಹೋಗ್ತಾರಾ? ಹಾಲು ಉಕ್ಕಿಸೋ ಹಾಗಿಲ್ಲ. ನಿಮ್ಮ ತಾಯೀನೇ ಒಪ್ಪಲ್ಲ. ಶ್ರಾವಣ ಬರ್ಲಿ, ನೋಡೋಣ."

ಜಯಮ್ಮ ಕಾಫಿ ಲೋಟ ಕೆಳಗಿಟ್ಟರು.

"ಶ್ರಾವಣದವರೆಗೆ ಮಾವ ಇಟ್ಕೊಳ್ಳಲ್ಲ ಸಾರ್."

"ಏನ್ಮಾಡೋದು, ಶಾಸ್ತ್ರ."

ಆಕೆ ಎದ್ದರು. ಗೇಟಿನ ಹತ್ತಿರ ಹೋದವರು ತಿರುಗಿ, "ಕಾಂಗೋದಲ್ಲಿ ಆಷಾಢ ಇರುತ್ತಾ ಸಾರ್?" ಎಂದು ಕೇಳಿದರು. ಕೊಂಕಿನಿಂದ ಕೇಳಿದರೋ, ನಿಜವಾಗಿ ತಿಳಿಯಬೇಕೆಂದು ಕೇಳಿದರೋ, ನನಗೆ ಗೊತ್ತಾಗಲಿಲ್ಲ.

ಗೇಟು ಮುಚ್ಚಿದ ಮೇಲೆ ಶಾರದ ಮಾತನಾಡಿದಳು. "ರೀ, ಹೋದ್ವರ್ಷ ಆಷಾಢದ ಮೇಲೆ ಬರೆದಿದ್ರಲ್ಲಾ?"

ಬರೆದಿದ್ದೆ. ತಿಂಗಳಿಗೆ ಬುದ್ಧಿ ಇಲ್ಲ, ಇರಬೇಕಾದದ್ದು ಮನುಷ್ಯನಿಗೆ ಎಂದು ಬರೆದಿದ್ದೆ. ಆಗಲೂ ಬಸ್ಸಿನಲ್ಲಿ ಕೈ ಕುಲುಕಿದ್ದರು.

"ಅದು ಜನರಲ್ ಆಗಿ ಬರೆದದ್ದು" ಎಂದೆ.

"ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ" ಎಂದು ಅವಳು ಒಳಗೆ ಹೋದಳು. ಅಂದು ಮಧ್ಯಾಹ್ನ ಊಟಕ್ಕೆ ಬದನೆಕಾಯಿ ಹುಳಿಯೇ ಆಗಿತ್ತು. ಬೇಕೆಂದೇ ಮಾಡಿದ್ದಳು.

ನಿಮ್ಮ ಮುಂದೆ ಮುಚ್ಚುಮರೆ ಏಕೆ? ನನಗೆ ಭಯ ಆಷಾಢದ್ದಲ್ಲ. ರಾತ್ರಿ ಒಂಟಿ ಹೆಂಗಸು ಗೇಟು ತೆಗೆದುಕೊಂಡು ಬಂದರೆ ಎದುರು ಮನೆಯ ಕಿಟಕಿ ಏನಂದೀತು ಎಂಬ ಭಯ. ನೀರು ಹೆಚ್ಚು ಖರ್ಚು ಮಾಡಬೇಡಿ ಎಂದು ಬಾಡಿಗೆದಾರರ ಮೇಲೆ ರೇಗುವುದು ಮನೆ ಮಾಲೀಕನ ಜನ್ಮಸಿದ್ಧ ಹಕ್ಕು, ಸಬ್ ಇನ್ಸ್‌ಪೆಕ್ಟರ್ ಮೇಲೆ ರೇಗುವುದು ಹೇಗೆ ಎಂಬ ಭಯ. ಎಲ್ಲಕ್ಕಿಂತ ದೊಡ್ಡದು ಇನ್ನೊಂದು. ನಾನು ಬರೆದದ್ದನ್ನೆಲ್ಲ ನಿಜವೆಂದು ನಂಬುವವರು ನನ್ನ ಹಿತ್ತಲಲ್ಲೇ ವಾಸವಿದ್ದರೆ ನಾನು ವಾರವಾರ ಬರೆಯುವುದು ಹೇಗೆ?

ಕಾಂಗೋ ಎಷ್ಟು ಅನುಕೂಲದ ದೇಶ ನೋಡಿ. ಸಮುದ್ರದಾಚೆ ಇದೆ. ಅಲ್ಲಿಗೆ ಯಾರನ್ನು ಕಳಿಸಿದರೂ ಅವರು ನಮ್ಮ ಬಚ್ಚಲು ಬಳಸುವುದಿಲ್ಲ.

ತಿಂಗಳ ಕೊನೆಯ ಹೊತ್ತಿಗೆ ಭಾಷಣದ ದಿನ ಬಂತು. ಮಹಿಳಾ ಸಂಘದ ಹಾಲ್ ತುಂಬಿತ್ತು. ಉದ್ಘಾಟನೆಗೆ ಮಂತ್ರಿಗಳೊಬ್ಬರು ಬರುತ್ತಾರೆಂದು ಪ್ರಚಾರವಾಗಿತ್ತು. (ಬರಲಿಲ್ಲ. ಜನ ಬಂದಿದ್ದರಿಂದ ನನಗೆ ಲಾಭ.) ಮೂರನೇ ಸಾಲಿನಲ್ಲಿ ಶಾರದ ಕೈಕಟ್ಟಿ ಕುಳಿತಿದ್ದಳು. ಕೊರಳಲ್ಲಿ ಹಾರ, ಮುಂದೆ ಮೈಕು. ಇನ್ನೇನು ಬೇಕು? ನಾನು ಹೊರಟೆ. ಭೂಖಂಡಗಳ ಮೇಲೆ ಹಾರಾಡಿದೆ. ಗಂಡಸು ಯುದ್ಧ ನಿಲ್ಲಿಸಬಲ್ಲ, ಶಾಂತಿಯನ್ನು ನೆಲೆ ನಿಲ್ಲಿಸುವವಳು ಹೆಣ್ಣು ಎಂದೆ. ಚಪ್ಪಾಳೆ. ಖಾಕಿ ಉಟ್ಟ ನಮ್ಮ ಹೆಣ್ಣುಮಕ್ಕಳನ್ನು ನಾವು ತಲೆಯ ಮೇಲೆ ಹೊತ್ತು ಮೆರೆಸಬೇಕು ಎನ್ನುತ್ತ ಕೈ ಎತ್ತಿ ಬಾಗಿಲ ಕಡೆ ನೋಡಿದೆ.

ಬಾಗಿಲಲ್ಲಿ ಜಯಮ್ಮ ನಿಂತಿದ್ದರು.

ಮಂತ್ರಿಗಳ ಲೆಕ್ಕದಲ್ಲಿ ಹಾಕಿದ್ದ ಬಂದೋಬಸ್ತ್. ಹೆಂಗಸರ ಸಭೆ, ಆದ್ದರಿಂದ ಹೆಂಗಸು ಪೊಲೀಸ್. ಮೊದಲಿಂದಲೂ ಅಲ್ಲೇ ಇದ್ದರಂತೆ. ಗೋಡೆಗೆ ಒರಗದೆ, ನೆಟ್ಟಗೆ, ನನ್ನನ್ನೇ ನೋಡುತ್ತ ನಿಂತಿದ್ದರು.

ಎತ್ತಿದ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಹಾರ ಸರಿಮಾಡಿಕೊಂಡೆ. ನೀರು ಕುಡಿದೆ. ಮುಂದಿನ ವಾಕ್ಯ ಮರೆತುಹೋಗಿತ್ತು. "ಕಾಂಗೋ..." ಎಂದೆ. "ಕಾಂಗೋ ದೇಶವು..." ಎಂದೆ. ಆಮೇಲೆ ಎಲ್ಲರಿಗೂ ವಂದಿಸಿ ಕುಳಿತುಬಿಟ್ಟೆ. ಭಾವುಕರಾಗಿಬಿಟ್ಟರು ಎಂದುಕೊಂಡು ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು.

ಸಭೆ ಮುಗಿದ ಕೂಡಲೇ ಹಾರ ಕಿತ್ತು ಕೈಯಲ್ಲಿ ಹಿಡಿದು ಬಾಗಿಲಿಗೆ ಓಡಿದೆ. ಜಯಮ್ಮ ಸೆಲ್ಯೂಟ್ ಹೊಡೆದರು. ಅದನ್ನು ತಡೆದುಕೊಳ್ಳುವುದು ಕಷ್ಟವಾಯಿತು.

"ಭಾಷಣ ಚೆನ್ನಾಗಿತ್ತು ಸಾರ್."

"ಅದಿರ್ಲಿ. ನಾಳೆ ಬೆಳಿಗ್ಗೇನೇ ಬಂದು ಕೀ ತಗೊಳ್ಳಿ. ಆಷಾಢಾನೂ ಇಲ್ಲ, ಏನೂ ಇಲ್ಲ. ಅಮ್ಮನ್ನ ಕರ್ಕೊಂಡ್ಬನ್ನಿ."

"ಮನೆ ಸಿಕ್ತು ಸಾರ್. ಹೋದ ಸೋಮವಾರ ಅಮ್ಮ ಬಂದ್ರು."

"ಎಲ್ಲಿ?"

"ಜರಗನಹಳ್ಳಿ."

ಜರಗನಹಳ್ಳಿ! ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕನಕಪುರ ರಸ್ತೆಯಲ್ಲಿ, ಊರು ಮುಗಿದು, ಹೊಲ ಶುರುವಾಗಿ, ಇನ್ನು ಬೆಂಗಳೂರು ಇಲ್ಲ ಎಂದು ನಿಮಗೆ ಖಾತ್ರಿಯಾದ ಮೇಲೆ ಸಿಗುವ ಹಳ್ಳಿ. ಬಸ್ಸು ಅದಕ್ಕೆ ಮನಸ್ಸು ಬಂದಾಗ ಬರುತ್ತದೆ.

"ನೈಟ್ ಡ್ಯೂಟಿ ಇದ್ದಾಗ?"

"ನಡ್ಕೊಂಡು ಹೋಗ್ತೀನಿ ಸಾರ್. ರೂಢಿ ಆಗುತ್ತೆ."

ಮನೆ ಕೊಟ್ಟವರು ಅಲ್ಲಿನ ಜಮೀನ್ದಾರ ಗೌಡರಂತೆ. ಹಸು ಕಟ್ಟುತ್ತಿದ್ದ ಕಡೆ ಹೊಸದಾಗಿ ಎರಡು ಕೋಣೆ ಎಬ್ಬಿಸಿದ್ದಾರೆ. ಗಂಡ ಯಾರು, ಡ್ಯೂಟಿ ಯಾವಾಗ ಎಂದು ಅವರು ಕೇಳಲಿಲ್ಲವೇ? ಕೇಳಿದರಂತೆ, ಎಲ್ಲವನ್ನೂ ಕೇಳಿದರಂತೆ, ಒಂದು ಗಂಟೆ ಕೂರಿಸಿಕೊಂಡು ಜಾತಕವೆಲ್ಲ ಜಾಲಾಡಿದರಂತೆ. ಆಮೇಲೆ ಅವರ ಹೆಂಡತಿ, "ನಿಮ್ಮವ್ವಂಗೆ ಮುದ್ದೆ ಸೇರ್ತದಾ?" ಎಂದು ಕೇಳಿ ಕೀ ಕೊಟ್ಟರಂತೆ.

ನನಗೆ ಸುಮ್ಮನಿರಲಾಗಲಿಲ್ಲ. ಅಂಕಣಕಾರನ ಬಾಯಿ, ಸುಮ್ಮನಿದ್ದರೆ ತುಕ್ಕು ಹಿಡಿಯುತ್ತದೆ. "ಆಷಾಢ ಅಲ್ವಾ... ಹಾಲು ಉಕ್ಕಿಸಿದ್ರಾ?" ಎಂದು ಕೇಳಿದೆ.

ಜಯಮ್ಮ ನನ್ನ ಕೈಯಲ್ಲಿದ್ದ ಹಾರ ನೋಡಿದರು, ನನ್ನನ್ನು ನೋಡಿದರು.

"ಉಕ್ಕಿಸಿದ್ವಿ ಸಾರ್. ಆಷಾಢದಲ್ಲೂ ಉಕ್ಕುತ್ತೆ."

ಅಷ್ಟು ಹೇಳಿ ಟೋಪಿ ಸರಿಮಾಡಿಕೊಂಡು ಬಸ್ ಸ್ಟಾಪಿನ ಕಡೆ ನಡೆದರು. ಕತ್ತಲಾಗುತ್ತಿತ್ತು. ನಮ್ಮ ಮನೆ ಅಲ್ಲಿಂದ ಎರಡೇ ರಸ್ತೆ. ಅವರಿಗೆ ಇನ್ನೂ ಜರಗನಹಳ್ಳಿ. ನಿಜವಾಗಿ ನಾಚಿಕೆಯಾಯಿತು. ಕೈಯಲ್ಲಿದ್ದ ಸೇವಂತಿಗೆ ಹಾರ ಎಲ್ಲಿಯಾದರೂ ಬಿಸಾಕೋಣವೆಂದರೆ ಸುತ್ತ ಅಭಿಮಾನಿಗಳು.

ಶಾರದ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದು ಮನೆ ಮುಟ್ಟಿದಳು. ಗೇಟು ತೆಗೆಯುತ್ತ, "ತಲೆ ಮೇಲೆ ಹೊತ್ಕೊಳ್ಳೋದೇನೂ ಬೇಡ್ವಾಗಿತ್ತು. ಔಟ್‌ಹೌಸ್ ಸಾಕಾಗಿತ್ತು" ಎಂದಳು.

ಈಗ ಶ್ರಾವಣ ಬಂದಿದೆ. ಔಟ್‌ಹೌಸ್ ಇನ್ನೂ ಖಾಲಿ ಇದೆ. ಬೋರ್ಡ್ ಇನ್ನೂ ನೇತಾಡುತ್ತಿದೆ. ಅದರ ಕೀ ಈಗ ಶಾರದಳ ಸೊಂಟದಲ್ಲಿದೆ. ಮೊನ್ನೆ ಅವಳೂ ಅಮ್ಮನೂ ಡಬ್ಬಿ ತುಂಬ ಕೋಡುಬಳೆ ಮಾಡಿಕೊಂಡು ಬಸ್ಸು ಹತ್ತಿ ಜರಗನಹಳ್ಳಿಗೆ ಹೋಗಿ ಬಂದರು. ನನ್ನನ್ನು ಕರೆಯಲಿಲ್ಲ. ಸಂಪಾದಕರಿಂದ ಫೋನ್ ಬಂದಿತ್ತು, ಶಾಂತಿಪಡೆಗೆ ಮಹಿಳಾ ಪೊಲೀಸರು ಎಂಬ ನನ್ನ ಲೇಖನಕ್ಕೆ ಪತ್ರಗಳು ರಾಶಿ ಬಿದ್ದಿವೆಯಂತೆ, ಇನ್ನೊಂದು ಬರೆಯಬೇಕಂತೆ. ಬರೆಯುತ್ತೇನೆ. ಅಂಥ ವಿಷಯದಲ್ಲಿ ನನಗೆ ಹಿಂಜರಿಕೆಯಿಲ್ಲ.

ಮನೆ ಬಾಡಿಗೆಗೆ ಬೇಕಾದವರು ಮಾತ್ರ ದಯವಿಟ್ಟು ಶಾರದಳನ್ನೇ ಕೇಳಿ, ನನ್ನದೇನಿದ್ದರೂ ವಿಶ್ವಶಾಂತಿಯ ಖಾತೆ.