ಅಜ್ಜಿಯನ್ನು ಯಾರೂ ಕೇಳದ ಪ್ರಶ್ನೆ

ಕಡಬ ತಾಲೂಕಿನ ಒಂದು ಸಣ್ಣ ಆರೋಗ್ಯ ಕೇಂದ್ರದಲ್ಲಿ ನಾನು ನರ್ಸ್. ಬಂದ ರೋಗಿಗಳ ವಿವರ ಬರೆದುಕೊಳ್ಳುವುದೂ ನನ್ನದೇ ಕೆಲಸ. ಕಾಗದದ ಫಾರಂ ಇದ್ದಾಗ ಹೆಂಗಸರ ಹೆಸರಿನ ಮುಂದೆ ‘ಧೂಮಪಾನ: ಇಲ್ಲ’ ಎಂದು ಕೇಳದೆಯೇ ಗೀಚುತ್ತಿದ್ದೆ. ಅದನ್ನು ಮರ್ಯಾದೆ ಎಂದುಕೊಂಡಿದ್ದೆ, ನಿಜವಾಗಿ ಸೋಮಾರಿತನ.

ಆಮೇಲೆ ಟ್ಯಾಬ್ ಬಂತು. ಮೊದಲ ವಾರ ತರಬೇತಿ ಕೊಡಲು ಬಂದ ಅಧಿಕಾರಿ ನನ್ನ ಬೆನ್ನ ಹಿಂದೆಯೇ ನಿಂತಿದ್ದರಿಂದ ಪ್ರತಿ ಪ್ರಶ್ನೆಯನ್ನೂ ಓದಿ ಕೇಳಲೇಬೇಕಾಯಿತು. ಆಗಲೇ ಒಬ್ಬ ಅಜ್ಜಿ ಕೆಮ್ಮಿಕೊಂಡು ಗಂಡನ ಜೊತೆ ಬಂದರು. ಮನೆಯಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದವರು. ಕಿವಿ ಮಂದ. ಹಾಗಾಗಿ ಗಟ್ಟಿಯಾಗಿಯೇ ಕೇಳಿದೆ: “ಅಜ್ಜಿ, ನೀವು ಬೀಡಿ ಸೇದುದುಂಟಾ?”

ಬೆಂಚಿನಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ಅಜ್ಜ ನಕ್ಕರು. “ಹೆಂಗಸರ ಹತ್ರ ಎಂತ ಕೇಳುದು ಮಾರಾಯ್ತಿ!”

“ಉಂಟು,” ಎಂದರು ಅಜ್ಜಿ. “ದಿನಕ್ಕೆ ಐದಾರು. ಕಟ್ಟುವವಳು ನಾನು. ಸರಿಯಾಗಿದೆಯಾ ಅಂತ ನೋಡುದು ಬೇಡ್ವಾ?”

ಅಜ್ಜ ಹೆಂಡತಿಯ ಕಡೆ ತಿರುಗಿದರು. “ಮದುವೆಯಾಗಿ ನಲವತ್ತು ವರ್ಷ ಆಯ್ತು, ನಂಗೆ ಗೊತ್ತೇ ಇಲ್ಲ!”

“ನೀವು ಯಾವಾಗ ಕೇಳಿದ್ದು?”

ನಗು ತಡೆಯಲಾಗಲಿಲ್ಲ, ಆದರೆ ಆ ಮಾತು ನನಗೂ ತಾಗಿತು. ಅದೇ ಅಜ್ಜಿಯ ಹಳೆಯ ಫಾರಂಗಳಲ್ಲಿ ‘ಇಲ್ಲ’ ಎಂದು ಬರೆದವಳು ನಾನೇ. ಡಾಕ್ಟರು ಈ ಸಲ ಬರೀ ಸಿರಪ್ ಕೊಟ್ಟು ಕಳಿಸದೆ ಪುತ್ತೂರಿಗೆ ಎಕ್ಸ್‌ರೇಗೆ ಬರೆದುಕೊಟ್ಟರು. ಶ್ವಾಸಕೋಶದ ತೊಂದರೆ ಶುರುವಾಗಿತ್ತು, ಪುಣ್ಯಕ್ಕೆ ಮದ್ದಿಗೆ ಬಗ್ಗುವಷ್ಟೇ. ಅಜ್ಜಿ ಬೀಡಿಯನ್ನು ಒಂದಕ್ಕೆ ಇಳಿಸಿದ್ದಾರೆ. ಅದನ್ನು ಈಗ ಅಜ್ಜನ ಎದುರೇ ಸೇದುತ್ತಾರಂತೆ.