ಬೆಸುಗೆ ಆರದ ಚೌಕಟ್ಟು

2022ರಲ್ಲಿ ನಾನು ಕೊಳ್ಳೇಗಾಲದಲ್ಲಿ ಸಣ್ಣದೊಂದು ವರ್ಕ್‌ಶಾಪ್ ನಡೆಸುತ್ತಿದ್ದೆ. ಅದಕ್ಕೂ ಮುಂಚೆ ಮೈಸೂರಿನ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಇಪ್ಪತ್ತೆರಡು ವರ್ಷ ದುಡಿದಿದ್ದೆ. ಹಾಗಾಗಿ ಕಬ್ಬಿಣದ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂಬ ಜಂಬ ಇತ್ತು.

ಆ ವರ್ಷ ಮಧುವನಹಳ್ಳಿಯ ಬಡಗಿ ಮಾದೇವಾಚಾರ್ರು ಬಂದರು. ಬಾಗಿಲ ಕೆತ್ತನೆಗೆ ಸುತ್ತಲ ಊರುಗಳಲ್ಲಿ ಹೆಸರಾದವರು. ಗರಗಸ ತಗುಲಿ ಬಲಗೈ ಹೆಬ್ಬೆರಳಿನ ನರ ತುಂಡಾಗಿ ಉಳಿ ಹಿಡಿಯಲು ಆಗುತ್ತಿರಲಿಲ್ಲ. ಯಳಂದೂರಿನ ಮನೆಯೊಂದಕ್ಕೆ ತಲೆಬಾಗಿಲು ಕೆತ್ತಿಕೊಡುವುದಾಗಿ ಅದಕ್ಕೆ ಮುಂಚೆಯೇ ಮಾತು ಕೊಟ್ಟಿದ್ದರು.

"ಕೈ ಓಯ್ತು ಸಾ, ಕಸುಬು ಓಗಬಾರ್ದು. ಒಂದು ಮಿಷನ್ ಮಾಡ್ಕೊಡಿ" ಎಂದರು.

ಅವರು ಕೇಳಿದ್ದು ಸಿಎನ್‌ಸಿ ರೂಟರ್. ಕಂಪ್ಯೂಟರ್ ಹೇಳಿದ ದಾರಿಯಲ್ಲಿ ಓಡಾಡುತ್ತ ಮರ ಕೊರೆಯುವ ಯಂತ್ರ. ಅದರಲ್ಲಿ ಮೋಟರಿಗಿಂತ ಚೌಕಟ್ಟು ಮುಖ್ಯ. ಮರದ ಪುಡಿ ಒತ್ತಿ ಮಾಡಿದ ಎಂಡಿಎಫ್ ಹಲಗೆಯಲ್ಲಿ ಮಾಡಿದರೆ ಮಳೆಗಾಲದಲ್ಲಿ ಉಬ್ಬುತ್ತದೆ. ಅಲ್ಯೂಮಿನಿಯಂ ಪ್ರೊಫೈಲ್ ಹಗುರ, ಆದರೆ ಗಟ್ಟಿ ಮರ ಕೊರೆಯುವಾಗ ನಡುಗುತ್ತದೆ. ಐದು ಮಿಲಿಮೀಟರ್ ದಪ್ಪದ ಉಕ್ಕಿನ ಟ್ಯೂಬನ್ನೇ ಆರಿಸಿದೆ. ಗ್ಯಾಂಟ್ರಿಗೂ, ಅಂದರೆ ಮೋಟರನ್ನು ಹೊತ್ತು ಓಡಾಡುವ ಅಡ್ಡತೊಲೆಗೂ ಅದೇ. ಆಯ್ಕೆಯಲ್ಲಿ ತಪ್ಪಿರಲಿಲ್ಲ.

ತಪ್ಪಿದ್ದು ಆಮೇಲೆ. ಬೆಸುಗೆ ಹಾಕಿದ ಉಕ್ಕಿನೊಳಗೆ ಬಿಗಿತ ಉಳಿದಿರುತ್ತದೆ, ದಿನ ಕಳೆದಂತೆ ಅದು ಸಡಿಲಗೊಂಡು ಉಕ್ಕನ್ನೇ ತಿರುಚುತ್ತದೆ. ಮೊದಲು ಕುಲುಮೆಯಲ್ಲಿ ಕಾಯಿಸಿ ನಿಧಾನವಾಗಿ ಆರಿಸಬೇಕು, ಇದಕ್ಕೆ ಸ್ಟ್ರೆಸ್ ರಿಲೀವಿಂಗ್ ಎನ್ನುತ್ತಾರೆ. ಗ್ಯಾಂಟ್ರಿ ಓಡಾಡುವ ಎರಡು ರೈಲು, ಅಂದರೆ ಹಳಿಗಳು ಕೂರುವ ಜಾಗವನ್ನು ಮಿಲ್ಲಿಂಗ್ ಮಾಡಿ ಸಮಮಾಡುವುದು ಆಮೇಲೆ. ಮೈಸೂರಿನಲ್ಲಿ ಎರಡೂ ಆಗುತ್ತಿತ್ತು, ನಾಲ್ಕು ದಿನ ಹೆಚ್ಚು ಹಿಡಿಯುತ್ತಿತ್ತು ಅಷ್ಟೆ. ಆದರೆ ಆಯುಧಪೂಜೆಗೆ ಒಂಬತ್ತೇ ದಿನ ಉಳಿದಿತ್ತು, ಉಳಿದ ಕೆಲಸಕ್ಕೇ ಅಷ್ಟು ಬೇಕಿತ್ತು. ಅಂದು ವರ್ಕ್‌ಶಾಪಿನ ಬಾಗಿಲಲ್ಲಿ ಆ ಯಂತ್ರ ನಿಲ್ಲಿಸಿ, ಹಾರ ಹಾಕಿ, ಇಡೀ ಬೀದಿಗೆ ತೋರಿಸುವ ಚಪಲ ನನಗೆ.

ಬೆಸುಗೆಯ ಗೆರೆಯ ಮೇಲೆ ಕೈಯಾಡಿಸಿ ಆಚಾರ್ರು ಹೇಳಿದರು: "ಮರಾನ ಕುಯ್ದ ತಕ್ಷಣ ಜೋಡ್ಸಕಿಲ್ಲ ಸಾ. ಒಸಿ ದಿನ ಸುಮ್ನೆ ಬುಟ್ರೆ ಅದು ಬುದ್ಧಿ ತೋರಿಸ್ತದ. ಇದೂ ಬೆಂಕಿ ಕಂಡದ, ಇದ್ನೂ ಬುಡಿ."

ನಾನು ನಕ್ಕುಬಿಟ್ಟೆ. "ಇದು ಕಬ್ಬಿಣ ಕಣ್ರೀ ಆಚಾರ್ರೇ, ಹಸಿ ಹಲಗೆ ಅಲ್ಲ."

ಅವರು ಹೇಳಿದ್ದು ಸರಿ ಎಂದು ಗೊತ್ತಿದ್ದೇ ನಕ್ಕೆ, ಅದನ್ನು ಇಂದಿಗೂ ಕ್ಷಮಿಸಿಕೊಂಡಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ನನ್ನದು ಬರೀ ಆತುರವಲ್ಲ, ಕೊಬ್ಬು.

ಕುಲುಮೆ ಬಿಟ್ಟು ಮಿಲ್ಲಿಂಗ್ ಮಾತ್ರ ಮಾಡಿಸಿದೆ. ಪೂಜೆಯ ದಿನ ಎರಡು ರೈಲುಗಳ ನಡುವಿನ ಅಂತರದಲ್ಲಿ ತುದಿಯಿಂದ ತುದಿಗೆ ವ್ಯತ್ಯಾಸ 0.05 ಮಿಲಿಮೀಟರ್ ಮಾತ್ರ. ಕುಂಬಳಕಾಯಿ ಒಡೆದೆವು, ಜನ ಶಹಬ್ಬಾಸ್ ಎಂದರು. ಆಚಾರ್ರು ಯಂತ್ರ ಒಯ್ದು ಬೇವಿನ ಹಲಗೆಗಳ ಮೇಲೆ ಎರಡು ತಿಂಗಳು ಕೈ ಕುದುರಿಸಿಕೊಂಡರು. ಆಮೇಲೆ ಆರು ವರ್ಷ ಅಟ್ಟದ ಮೇಲೆ ಒಣಗಿಸಿಟ್ಟಿದ್ದ ತೇಗದ ಹಲಗೆಯನ್ನು ಇಳಿಸಿದರು. ಯಳಂದೂರಿನ ಬಾಗಿಲಿಗೆಂದು ಆರಿಸಿದ್ದು ಅದನ್ನೇ.

ಮೂರನೇ ದಿನ ಆಚಾರ್ರ ಫೋನ್ ಬಂತು. ಹೋಗಿ ನೋಡಿದೆ. ಕೆತ್ತನೆಯ ಬಳ್ಳಿ ಮುಕ್ಕಾಲು ಭಾಗ ಚೆನ್ನಾಗಿ ಹಬ್ಬಿತ್ತು. ಅಲ್ಲಿಗೆ ಬಂದಾಗ ಗ್ಯಾಂಟ್ರಿ ರೈಲುಗಳ ಮೇಲೆ ಸಿಕ್ಕಿಕೊಂಡು ಮೋಟರ್ ಲೆಕ್ಕ ತಪ್ಪಿಸಿಕೊಂಡಿತ್ತು. ಕೊರೆಯುವ ಬಿಟ್ ಪಕ್ಕಕ್ಕೆ ಜಾರಿ ಹಲಗೆಯ ಉದ್ದಕ್ಕೂ ಗಾಯ ಮಾಡಿತ್ತು. ಅಳೆದೆ. ರೈಲುಗಳ ವ್ಯತ್ಯಾಸ 0.8 ಮಿಲಿಮೀಟರ್. ಚೌಕಟ್ಟು ತಿರುಚಿಕೊಂಡಿತ್ತು. 

ಯಳಂದೂರಿನವರು ಕಾಯಲಿಲ್ಲ, ಸಿದ್ಧ ಬಾಗಿಲು ತಂದು ಕೂರಿಸಿದರು. ಮುಂದಿನ ತಿಂಗಳು ನಾನು ಮಧುವನಹಳ್ಳಿಗೆ ಹೋಗಿ, ಚೌಕಟ್ಟು ಬಿಚ್ಚಿ ಕುಲುಮೆಗೆ ಹಾಕಿಸಿ ಹೊಸದಾಗಿ ಮಾಡಿಕೊಡುತ್ತೇನೆ ಎಂದೆ. ಆಚಾರ್ರು ಕಾಫಿ ಕೊಟ್ಟರು. ಸಿಟ್ಟು ಮಾಡಲಿಲ್ಲ.

"ಬ್ಯಾಡಿ ಸಾ. ಮಿಷನ್ ಕೆಟ್ರೆ ರಿಪೇರಿ ಆಯ್ತದ. ಆಚಾರಿ ಕೈಲಿ ಇನ್ನಾಗಕಿಲ್ಲ ಅಂತ ಜನ ಅಂದ್ಬುಟ್ರಲ್ಲ, ಅದ ಯಾವ ಕುಲುಮೆಗ್ ಆಕ್ತೀರಿ?"

ಈಗ ಅವರು ಹನೂರಿನ ಅಂಗಡಿಯೊಂದರಲ್ಲಿ ಫೈಬರ್ ಬಾಗಿಲು ಮಾರುತ್ತಾರೆ. ನಾನಂತೂ ಈಗ ಬೆಸುಗೆ ಕಂಡ ಯಾವ ಚೌಕಟ್ಟನ್ನೂ ಕುಲುಮೆಗೆ ಹಾಕಿಸದೆ ಮುಟ್ಟುವುದಿಲ್ಲ, ಓದದವರ ಮಾತಿಗೆ ನಗುವುದೂ ಇಲ್ಲ. ಪಾಠ ಕಲಿತವನು ನಾನು. ಕಸುಬು ಬಿಟ್ಟವರು ಅವರು.