ಹದಿನಾಲ್ಕನೇ ಕುರ್ಚಿಯ ಏಳು

ಹೊಸ ವಿಡಿಯೋ ಆಟಕ್ಕೆ ಅಂಕ ಹಾಕುವ ಆ ಹಾಲ್‌ನಲ್ಲಿ ಅವಳ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ಅವಳು ಏಳಕ್ಕ. ಆಟದ ಒಂದೊಂದು ಹಂತ ಮುಗಿದಾಗಲೂ "ಹತ್ತಕ್ಕೆ ಎಷ್ಟು?" ಎಂದು ಕೇಳುವ ಹಾಳೆ ಮುಂದೆ ಬರುತ್ತಿತ್ತು. ಅವಳ ಪೆನ್ನು ದನ ಕೊಟ್ಟಿಗೆಗೆ ನಡೆದ ಹಾಗೆ ನೇರವಾಗಿ ಏಳರ ಹತ್ತಿರ ಹೋಗಿ ನಿಲ್ಲುತ್ತಿತ್ತು.

ಏಳು ಕೊಡುವುದರಲ್ಲಿ ಅವಳೊಬ್ಬಳೇ ಏನಲ್ಲ. ಆರು ಕೊಟ್ಟರೆ ಯಾಕೆ ಆರು ಎಂದು ವಿವರಿಸಲು ನಾಲ್ಕು ಪುಟದ ಇನ್ನೊಂದು ಫಾರ್ಮ್ ತುಂಬಬೇಕಿತ್ತು. ಅದನ್ನು ತುಂಬುವುದು ಕೆಲಸದ ಹೊತ್ತಿನಲ್ಲಲ್ಲ, ಆರು ಗಂಟೆಗೆ ಕೆಲಸ ಬಿಟ್ಟ ಮೇಲೆ, ಸ್ವಂತ ಹೊತ್ತಿನಲ್ಲಿ. ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಹಾಗಾಗಿ ಐವತ್ತು ಕುರ್ಚಿಗಳ ಆ ಹಾಲ್‌ನಲ್ಲಿ ಸತ್ಯಕ್ಕೆ ಆರು ಗಂಟೆಯವರೆಗೆ ಮಾತ್ರ ಪ್ರವೇಶವಿತ್ತು. ಬೇರೆಯವರು ಆಗೊಮ್ಮೆ ಈಗೊಮ್ಮೆ ಎಂಟು ಹಾಕಿ ಮರ್ಯಾದೆ ಉಳಿಸಿಕೊಳ್ಳುತ್ತಿದ್ದರು. ಇವಳು ಅಷ್ಟು ನಾಟಕವನ್ನೂ ಆಡುತ್ತಿರಲಿಲ್ಲ.

ಹಿಂದೆ ಅವಳು ಹೀಗಿರಲಿಲ್ಲ. ಇಪ್ಪತ್ತೆರಡು ವರ್ಷ ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಟೇಬಲ್ಲಿಗೆ ನಿಂತವಳು. ಶರ್ಟಿನ ಕಾಲರಿನಲ್ಲಿ ಒಂದೇ ಒಂದು ಹೊಲಿಗೆ ತಪ್ಪಿದ್ದರೂ ಮಾರು ದೂರದಿಂದಲೇ ಅವಳ ಕಣ್ಣಿಗೆ ಬೀಳುತ್ತಿತ್ತು. ಇಡೀ ಕಟ್ಟನ್ನು ಎತ್ತಿ ಮೇಸ್ತ್ರಿಯ ಎದೆಗೆ ಎಸೆದು, "ಇದನ್ನ ನಿಮ್ಮ ಮಾವನಿಗೆ ಹಾಕ್ಸಿ, ಹೊರಗೆ ಕಳಿಸ್ಬೇಡಿ" ಎಂದಿದ್ದಳು ಒಮ್ಮೆ. ಗಂಡ ಬಿಟ್ಟುಹೋದಾಗ ಎಲ್ಲಿಗೆ ಹೋದ ಎಂದು ಕೇಳಿದವರಿಗೆ, "ಸಿಕ್ಕಿದ್ರೆ ನೀವೇ ಕೇಳಿ, ನನಗೂ ಹೇಳಿ" ಎಂದು ಬಾಯಿ ಮುಚ್ಚಿಸಿದವಳು. ಅಂಥವಳ ಫ್ಯಾಕ್ಟರಿ ಒಂದು ಸೋಮವಾರ ಬೆಳಿಗ್ಗೆ ಗೇಟಿಗೆ ಬೀಗ ಹಾಕಿಕೊಂಡಿತು. ಹೊಲಿಗೆ ಯಂತ್ರಗಳು ಲಾರಿ ಹತ್ತಿದವು. ಮೂರು ವಾರ ಗೇಟಿನ ಮುಂದೆ ಕೂತ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹೋದರು. ಆರು ತಿಂಗಳ ಮೇಲೆ ಅದೇ ಕಟ್ಟಡದ ಎರಡನೇ ಮಹಡಿಯಲ್ಲಿ ಆಟದ ಕಂಪನಿಯೊಂದರ ಪರದೆಗಳು ಬಂದವು. ಹುಳುಕು ಹುಡುಕುವ ಕಣ್ಣು ಬೇಕು, ಇಡೀ ದಿನ ಕೂರುವ ಸೊಂಟ ಬೇಕು ಎಂದರು. ಎರಡೂ ಅವಳಲ್ಲಿದ್ದವು. ಅವರು ಬಾಡಿಗೆಗೆ ತೆಗೆದುಕೊಂಡದ್ದು ಸೊಂಟವನ್ನು ಮಾತ್ರ ಎಂದು ಗೊತ್ತಾಗಲು ಒಂದು ತಿಂಗಳು ಬೇಕಾಯಿತು.

ಆಟದ ಹೆಸರು 'ಒಂಬತ್ತನೇ ಕಕ್ಷೆ'. ಯಾವುದೋ ಗ್ರಹದ ಸುತ್ತ ಒಡೆದ ನಿಲ್ದಾಣವೊಂದು ತಿರುಗುತ್ತಿರುತ್ತದೆ. ಅದರೊಳಗೆ ಕೆಟ್ಟುಹೋದ ಯಂತ್ರಮಾನವರು. ಕಬ್ಬಿಣದ ಅಂಗಿ ತೊಟ್ಟ ಸೈನಿಕರಾಗಿ, ಬಂದೂಕು ಹಿಡಿದು, ಲೋಕದ ಮೂಲೆಮೂಲೆಯ ಅಪರಿಚಿತರ ಜೊತೆ ಸೇರಿ ಆ ಯಂತ್ರಮಾನವರನ್ನು ಸುಡಬೇಕು. ಬಿಡುಗಡೆಗೆ ಇನ್ನೂ ಮೂರು ತಿಂಗಳಿರುವಾಗಲೇ ಬಸ್ಸುಗಳ ಹಿಂಭಾಗದಲ್ಲಿ ಅದೇ, ಆಸ್ಪತ್ರೆ ಎದುರಿನ ಗೋಡೆಯಲ್ಲಿ ಅದೇ. ಮಾರ್ಕೆಟ್ಟಿನ ಮೇಲೆ ದಿನ ಎಣಿಸುವ ಬೋರ್ಡು ಬೇರೆ. ಮೊದಲ ದಿನ ಏಳಕ್ಕನಿಗೆ ಆಟದಲ್ಲಿ ನೆಲ ಯಾವುದು, ಛಾವಣಿ ಯಾವುದು ತಿಳಿಯಲಿಲ್ಲ. ತಪ್ಪಿದ ಹೊಲಿಗೆ ಬಿಚ್ಚಿ ಬಿಚ್ಚಿ ಪಳಗಿದ ಹೆಬ್ಬೆರಳುಗಳು, ವಾರದೊಳಗೆ ಕಾಲೇಜು ಹುಡುಗರನ್ನು ಹಿಂದೆ ಹಾಕಿದವು.

ಅವಳದು ಹದಿನಾಲ್ಕನೇ ಕುರ್ಚಿ. ಒಂದು ಸಾಲಿಗೆ ನಾಲ್ಕು ಜನ. ಪಕ್ಕದ ಹದಿಮೂರರಲ್ಲಿ ನಿವೃತ್ತ ಡ್ರಿಲ್ ಮೇಷ್ಟ್ರು. ಹದಿನೈದರಲ್ಲಿ ದಪ್ಪ ಕನ್ನಡಕದ ಹುಡುಗಿ. ಹದಿನಾರರಲ್ಲಿದ್ದವನು ಎಂಟು ಬರೆದಿಟ್ಟುಕೊಂಡೇ ಆಟ ಶುರುಮಾಡುವವನು. ಒಂದು ಸಾಲಿನಲ್ಲಿ ಮೂವರು ಏಳಕ್ಕಿಂತ ಕಡಿಮೆ ಕೊಟ್ಟರೆ ಮಾತ್ರ ದೂರು ಮೇಲಕ್ಕೆ ಹೋಗಬೇಕೆಂಬುದು ಅಲ್ಲಿಯ ಕಾನೂನು. ಇಬ್ಬರು ಕೊಟ್ಟರೆ ಅದು ಇಬ್ಬರ ಅಭಿರುಚಿ, ಅಷ್ಟೇ.

ಹನ್ನೊಂದನೇ ಬಾಗಿಲಿನ ಹಂತ ಬಂದದ್ದು ಒಂದು ಗುರುವಾರ. ನಿಲ್ದಾಣದ ದೊಡ್ಡ ಬಾಗಿಲು ತೆರೆಯುವಾಗ ಪರದೆ ತುಂಬ ಬಿಳಿ, ಕೆಂಪು, ಬಿಳಿ, ಕೆಂಪು. ಕಣ್ಣು ಮಿಟುಕಿಸುವುದಕ್ಕಿಂತ ವೇಗವಾಗಿ, ಹನ್ನೆರಡು ಸೆಕೆಂಡು. ಏಳಕ್ಕನ ಹಣೆಯೊಳಗೆ ಯಾರೋ ಸೂಜಿ ಓಡಿಸಿದಂತಾಯಿತು. ಮೇಷ್ಟ್ರು ಎದ್ದು ಕಸದ ಬುಟ್ಟಿಗೆ ಬಗ್ಗಿ ಬೆಳಗಿನದನ್ನೆಲ್ಲ ಕಾರಿದರು. ಕನ್ನಡಕದ ಹುಡುಗಿ ಕನ್ನಡಕ ತೆಗೆದು ಅಂಗೈಯಿಂದ ಕಣ್ಣು ಒತ್ತಿಕೊಂಡು ಕೂತಳು.

ಐದೂ ಮುಕ್ಕಾಲಿಗೆ ಅಂಕದ ಹಾಳೆ ಬಂತು. ಮೇಷ್ಟ್ರು ಮೂರು ಹಾಕಿದರು. ಹುಡುಗಿ ಐದು ಹಾಕಿದಳು. ಹದಿನಾರರವನು ಎಂದಿನಂತೆ ಎಂಟು ಹಾಕಿ ಚೀಲ ಹೆಗಲಿಗೇರಿಸಿಕೊಂಡ.

"ಏಳಕ್ಕ, ಇವತ್ತೊಂದು ದಿನ ಹೆಸರು ಕೆಡಿಸ್ಕೋ," ಎಂದರು ಮೇಷ್ಟ್ರು ಬಾಯಿ ಒರೆಸಿಕೊಳ್ಳುತ್ತಾ. "ಇದು ಯಾರನ್ನಾದ್ರೂ ಕೆಡವುತ್ತೆ."

"ಬಿಡಿ ಮೇಷ್ಟ್ರೆ, ಇನ್ನೂ ಮೂರು ತಿಂಗಳಿದೆ. ಅಷ್ಟರೊಳಗೆ ಅವರೇ ಸರಿಮಾಡಿರ್ತಾರೆ."

"ಯಾರು ಹೇಳಿದ್ರೆ ಸರಿಮಾಡ್ತಾರೆ? ನಾವು ಹೇಳಿದ್ರೆ ತಾನೆ?"

ಏಳಕ್ಕ ಗೋಡೆ ನೋಡಿದಳು. ಅಲ್ಲಿ ಸೂಪರ್‌ವೈಸರ್ ನಿಂತಿದ್ದ. ಮಾತಿಗೊಮ್ಮೆ ಕೈ ತಿರುಗಿಸಿ ಹೊತ್ತು ನೋಡುವ ಅವನಿಗೆ ಗಡಿಯಾರ ಎಂದು ಹೆಸರು. ಮೂರು ತಿಂಗಳಿಗೊಮ್ಮೆ ಯಾರಿರಬೇಕು, ಯಾರು ಹೋಗಬೇಕು ಎಂಬ ಪಟ್ಟಿ ಅಂಟಿಸುವವನು ಅವನೇ. ಪಟ್ಟಿ ಬರುವುದು ನಾಳೆ ಶುಕ್ರವಾರ. ಪಟ್ಟಿಯ ಜಾಗದ ಪಕ್ಕದಲ್ಲೇ, ಅನಿಸಿಕೆ ಬರೆಯಲು ಮಾತು ತೋಚದವರಿಗೆಂದು ಹತ್ತು ಸಿದ್ಧ ವಾಕ್ಯಗಳನ್ನು ಅವನು ಅಂಟಿಸಿದ್ದ. ಏಳಕ್ಕನ ತಲೆ ಇನ್ನೂ ಸಿಡಿಯುತ್ತಿತ್ತು. ಆರೂ ಹತ್ತಕ್ಕೆ ಬಸ್ಸು. ಆ ಬಸ್ಸನ್ನು ಓಡಿಸುವವನು ಅವಳ ತಮ್ಮ. ಚಾಲಕನ ಹಿಂದಿನ ಸೀಟಿನಲ್ಲಿ ಅವಳ ಚೀಲಕ್ಕೊಂದು ಜಾಗ ಯಾವತ್ತೂ ಇರುತ್ತಿತ್ತು.

ಅವಳು ಏಳು ಹಾಕಿದಳು. ಕೆಳಗೆ, ಗೋಡೆಯ ಮೇಲಿದ್ದ ನಾಲ್ಕನೇ ವಾಕ್ಯವನ್ನು ನೋಡಿ ಬರೆದಳು: 'ಬಾಗಿಲು ತೆರೆಯುವ ದೃಶ್ಯ ಮೈ ಜುಮ್ಮೆನ್ನಿಸಿತು.'

ಹುಡುಗಿ ತನ್ನ ಫಾರ್ಮನ್ನು ಮನೆಗೆ ಒಯ್ದಳು. ಮೇಷ್ಟ್ರು ನಾಲ್ಕು ಪುಟ ತೆಗೆದುಕೊಂಡು ಒಬ್ಬರೇ ಕೂತು ತುಂಬಿದರು. ಮರುದಿನದ ಪಟ್ಟಿಯಲ್ಲಿ ಹದಿಮೂರನೇ ಕುರ್ಚಿ ಇರಲಿಲ್ಲ. ಹದಿನಾಲ್ಕು ಇತ್ತು.

ತಮ್ಮನ ಬಗ್ಗೆ ಒಂದು ಮಾತು ಹೇಳಬೇಕು. ಅವನಿಗೂ ಅವಳಿಗೂ ಹದಿಮೂರು ವರ್ಷದ ಅಂತರ. ಅಮ್ಮ ಕೂಲಿಗೆ ಹೋದರೆ ಇವಳೇ ಅವನ ಅಮ್ಮ. ಐದನೇ ವಯಸ್ಸಿನಿಂದ ಅವನಿಗೆ ಫಿಟ್ಸ್ ಬರುತ್ತಿತ್ತು. ಹಾಳಾದ ಟ್ಯೂಬ್‌ಲೈಟು ಪಟಪಟ ಅನ್ನುತ್ತಿದ್ದ ಕೋಣೆಯಲ್ಲಿ ಒಮ್ಮೆ ಬಿದ್ದಾಗ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳು ಇವಳೇ. ಹದಿನೈದಕ್ಕೆ ಅದು ನಿಂತಿತು, ಮಾತ್ರೆಯನ್ನೂ ಡಾಕ್ಟರು ನಿಲ್ಲಿಸಿದರು. ಇಪ್ಪತ್ತಮೂರು ವರ್ಷ ಏನೂ ಆಗಲಿಲ್ಲ. ಸರ್ಕಾರಿ ಬಸ್ಸಿನ ಚಕ್ರ ಹಿಡಿದ, ಮದುವೆಯಾದ, ಗಂಡ ಬಿಟ್ಟ ಅಕ್ಕನನ್ನು ಮನೆಗೆ ಕರೆದುಕೊಂಡು ಬಂದ. ಫಿಟ್ಸ್ ಎಂಬ ಮಾತೇ ಆ ಮನೆಯಲ್ಲಿ ಮರೆತುಹೋಗಿತ್ತು. ಮರೆತಿತ್ತು ಎನ್ನುವುದಕ್ಕಿಂತ, ಎತ್ತುತ್ತಿರಲಿಲ್ಲ.

ಬಿಡುಗಡೆಯ ದಿನ ಹಾಲ್‌ನಲ್ಲಿ ಎಲ್ಲರಿಗೂ ಒಂದೊಂದು ಟೋಪಿ, ಆಟದ ಒಂದೊಂದು ಪ್ರತಿ ಕೊಟ್ಟರು. ಟೋಪಿ ಅವಳ ತಲೆಗೆ ಹಿಡಿಸಲಿಲ್ಲ. ಆಟವನ್ನು ತಮ್ಮನಿಗೆ ಕೊಟ್ಟಳು.

"ಊರೆಲ್ಲ ಇದೇ ಮಾತು. ಹೆಂಗಿದೆ ಅಕ್ಕ, ನಿಜ ಹೇಳು."

"ಚೆನ್ನಾಗಿದೆ ಕಣೋ."

"ಹತ್ತಕ್ಕೆ ಎಷ್ಟು?"

"ಏಳು," ಎಂದಳು. ತಮ್ಮ ನಕ್ಕ. "ನಿನ್ನ ಏಳು ಅಂದ್ರೆ ನಮ್ಮ ಡಿಪೋದ 'ಬಸ್ ಕಂಡೀಶನ್ ಉತ್ತಮ' ಅಂದ ಹಾಗೆ."

ಬಾಗಿಲಿನ ವಿಷಯ ಅವಳ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ, ಮತ್ತೆ ಏಳು ಯಾಕೆ ಕೊಟ್ಟೆ ಎಂದು ಕೇಳುತ್ತಾನೆ. ಸರಿಮಾಡಿರುತ್ತಾರೆ ಬಿಡು ಎಂದು ನುಂಗಿಕೊಂಡಳು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅವನು ಆಡುತ್ತಾ ಕೂತ. ಹೆಂಡತಿಯೂ ಏಳಕ್ಕನೂ ಹೊರಗೆ ಬಟ್ಟೆ ಒಣಹಾಕುತ್ತಿದ್ದರು. ಕುರ್ಚಿ ಬಿದ್ದ ಸದ್ದಿಗೆ ಇಬ್ಬರೂ ಒಳಗೆ ಓಡಿದರು. ಅವನ ಕಣ್ಣುಗಳು ಮೇಲಕ್ಕೆ ಸಿಕ್ಕಿಕೊಂಡಿದ್ದವು, ಕೈಕಾಲು ನೆಲಕ್ಕೆ ಬಡಿಯುತ್ತಿದ್ದವು. ಮುಂದಿನ ಎರಡು ಹಲ್ಲು ಮುರಿದು ಬಾಯಲ್ಲಿ ರಕ್ತ. ಅವನ ತಲೆಯನ್ನು ತೊಡೆಯ ಮೇಲೆ ತೆಗೆದುಕೊಳ್ಳುತ್ತಾ ಏಳಕ್ಕ ಪರದೆ ನೋಡಿದಳು. ಹನ್ನೊಂದನೇ ಬಾಗಿಲು ತೆರೆದು ನಿಂತಿತ್ತು.

ಆಸ್ಪತ್ರೆಯ ಚೀಟಿ ಡಿಪೋಗೆ ಹೋಯಿತು. ಫಿಟ್ಸ್ ಬಂದವನ ಕೈಗೆ ಅರವತ್ತು ಜನರ ಜೀವ ಕೊಡುವ ಹಾಗಿಲ್ಲ. ಅದು ತಪ್ಪೂ ಅಲ್ಲ. ಅವನನ್ನು ಬಸ್ಸು ತೊಳೆಯಲು ಹಾಕಿದರು. ಇಷ್ಟು ವರ್ಷ ಮೇಲೆ ಕೂತು ನೋಡಿದ ಚಕ್ರಗಳ ಮುಂದೆ ಅವನು ಈಗ ಕುಕ್ಕರಗಾಲಲ್ಲಿ ಕೂತ.

ಆ ವಾರ ಹಾಲ್‌ನಲ್ಲಿ ಅವರಿಗೆ ಹೊಸ ಕೆಲಸ ಬಂತು. ಆಟ ಕೊಂಡವರು ಬರೆದ ಅನಿಸಿಕೆಗಳನ್ನು ಓದಿ ಒಳ್ಳೆಯದು, ಕೆಟ್ಟದ್ದು ಎಂದು ಬೇರೆ ಮಾಡುವುದು. ಕೆಟ್ಟದ್ದರ ರಾಶಿಯೇ ದೊಡ್ಡದಿತ್ತು. 'ಮೂರು ವರ್ಷ ಕಾದೆ. ಒಳಗೆ ಹೋಗಲು ಇನ್ನೂ ಮೂರು ಗಂಟೆ ಕಾದೆ. ಒಳಗೆ ಏನೂ ಇರಲಿಲ್ಲ.' 'ನನ್ನ ಗುಂಡು ಶತ್ರುವಿಗೆ ತಾಗುವುದಿಲ್ಲ, ಶತ್ರುವಿನ ಗುಂಡು ಗೋಡೆ ತೂರಿ ಬರುತ್ತದೆ. ನಮ್ಮ ಆಫೀಸೂ ಹೀಗೇ ಇದೆ, ದುಡ್ಡು ಕೊಟ್ಟು ಯಾಕೆ ಆಡಲಿ.' 'ಜಾಹೀರಾತಿನಲ್ಲಿ ಇದ್ದ ಆಟ ಯಾವುದು ಸ್ವಾಮಿ? ಅದನ್ನು ಕೊಡಿ.' ಇವುಗಳ ನಡುವೆ ಅಲ್ಲೊಂದು ಇಲ್ಲೊಂದು: 'ಹನ್ನೊಂದನೇ ಬಾಗಿಲಿನಲ್ಲಿ ತಲೆ ಸುತ್ತಿ ಬಿದ್ದೆ.' 'ನನ್ನ ಮಗಳು ಬಿದ್ದಳು.' ಮಧ್ಯಾಹ್ನದೊಳಗೆ ಏಳಕ್ಕ ಅಂಥವು ಹನ್ನೊಂದು ಎಣಿಸಿದಳು. ಸಂಜೆ ಅವಕ್ಕೆ ಗಡಿಯಾರ 'ವೈಯಕ್ತಿಕ ಆರೋಗ್ಯ' ಎಂಬ ಬೇರೆಯೇ ಹೆಸರು ಕೊಟ್ಟು ತೆಗೆಸಿಬಿಟ್ಟ.

ಡಿಪೋದ ಡಾಕ್ಟರು ಒಂದು ದಾರಿ ಹೇಳಿದರು. ಹಳೆಯ ಕಾಯಿಲೆ ತಾನಾಗಿ ಮರುಕಳಿಸಿದ್ದಲ್ಲ, ಆ ಬೆಳಕಿನಿಂದಲೇ ಬಿದ್ದದ್ದು ಎಂದು ವೈದ್ಯಕೀಯ ಸಮಿತಿಗೆ ಮನವರಿಕೆಯಾದರೆ ಒಂದು ವರ್ಷ ನೋಡಿ ಮತ್ತೆ ಚಕ್ರ ಕೊಡಬಹುದು. ಇಲ್ಲದಿದ್ದರೆ ಯಾವತ್ತಿಗೂ ಇಲ್ಲ. ಸಮಿತಿ ಕಂಪನಿಗೆ ಪತ್ರ ಬರೆದು ಕೇಳಿತು. ಹದಿನೈದು ದಿನಕ್ಕೆ ಉತ್ತರ ಬಂತು. ಅದರ ಪ್ರತಿಯನ್ನು ತಮ್ಮ ಸಂಜೆ ಮನೆಗೆ ತಂದು, ಒದ್ದೆ ಪ್ಯಾಂಟಿನಲ್ಲೇ ಕೂತು ಓದಿದ. ಏಳಕ್ಕ ಬಟ್ಟೆ ಮಡಚುತ್ತಿದ್ದಳು.

"ಕೇಳು ಇಲ್ಲಿ. ಒಬ್ಬರು ಮೂರು ಕೊಟ್ಟವರೆ, ಒಬ್ಬರು ಐದು. ಆದ್ರೆ ಅದೇ ಸಾಲಲ್ಲಿ, ಅವರಿಬ್ಬರ ಮಧ್ಯೆ ಕೂತು, ಅದೇ ಬೆಳಕು ನೋಡಿದ ಹದಿನಾಲ್ಕನೇ ಕುರ್ಚಿಯವರು ಏಳು ಕೊಟ್ಟವರಂತೆ. 'ಮೈ ಜುಮ್ಮೆನ್ನಿಸಿತು' ಅಂತ ಬೇರೆ ಬರ್ದವರೆ. ಅದಕ್ಕೇ ಬೆಳಕಲ್ಲಿ ದೋಷ ಇಲ್ವಂತೆ." ಅವನು ಕಾಗದ ಕೆಳಗಿಟ್ಟ. "ಯಾವ ಬೇವರ್ಸಿ ಅಕ್ಕ ಅದು? ನಿಂಗೆ ಗೊತ್ತಿರ್ಬೇಕಲ್ಲ."

ಏಳಕ್ಕ ಕೈಯಲ್ಲಿದ್ದ ಅಂಗಿಯ ತೋಳನ್ನು ಒಳಕ್ಕೆ ಮಡಚಿದಳು. ಆಮೇಲೆ, "ನಾನೇ ಕಣೋ," ಎಂದಳು.

ತಮ್ಮ ಅವಳನ್ನು ನೋಡಿದ. ಒಳಗಿನಿಂದ ಅವನ ಹೆಂಡತಿ ಬಂದು ಬಾಗಿಲಲ್ಲಿ ನಿಂತಳು.

"ನೀವು ಅದನ್ನ ನೋಡಿದ್ರಾ ಅತ್ತಿಗೆ? ಆಡೋಕೆ ಕೊಡೋಕೆ ಮುಂಚೆ?"

"ನೋಡಿದ್ದೆ."

"ಇವರಿಗೆ ಚಿಕ್ಕವರಿದ್ದಾಗ ಬರ್ತಿತ್ತು ಅಂತ ನಂಗೇ ಗೊತ್ತಿರ್ಲಿಲ್ಲ. ನಿಮಗೆ ಗೊತ್ತಿತ್ತು."

ಅಷ್ಟು ಹೇಳಿ ತಮ್ಮನ ಹೆಂಡತಿ ಒಳಗೆ ಹೋದಳು. ಆ ದಿನದಿಂದ ಅಡುಗೆಮನೆಯಲ್ಲಿ ಏಳಕ್ಕನ ತಟ್ಟೆಯನ್ನು ಯಾರೂ ಎತ್ತಿಡಲಿಲ್ಲ, ಅವಳೇ ಎತ್ತಿಟ್ಟುಕೊಂಡಳು.

ಒಳಗಿನ ಮಾತು ಹೊರಗೆ ಹೇಳಿದರೆ ಕೆಲಸ ಹೋಯಿತು ಎಂದು ಹಾಲ್‌ಗೆ ಸೇರುವಾಗಲೇ ಸಹಿ ಹಾಕಿಸಿಕೊಂಡಿದ್ದರು. ಆದರೂ ಏಳಕ್ಕ ಮೇಷ್ಟ್ರ ಮನೆ ಹುಡುಕಿಕೊಂಡು ಹೋದಳು. ಅವರು ಬಾಗಿಲು ತೆರೆದು, "ಈಗ ಎಷ್ಟು ಕೊಡ್ತೀಯಾ?" ಎಂದರು. ಆಮೇಲೆ ಒಳಗೆ ಕರೆದರು. ನಾಲ್ಕೂ ಪುಟದ ಫೋಟೋ ಅವರ ಫೋನಿನಲ್ಲಿತ್ತು. ಅಂಗಡಿಯಲ್ಲಿ ಪ್ರತಿ ತೆಗೆಸಿಕೊಟ್ಟರು. ಸಮಿತಿಯ ಮುಂದೆ ಜೊತೆಗೆ ಬರುತ್ತೀರಾ ಎಂದು ಅವಳು ಕೇಳಲಿಲ್ಲ, ಆದರೂ ಬಂದರು.

ಸಮಿತಿಯಲ್ಲಿ ಮೂವರು. ತಮ್ಮ ಹಿಂದಿನ ಬೆಂಚಿನಲ್ಲಿ ಕೂತಿದ್ದ. ನಡುವೆ ಕೂತ ಅಧ್ಯಕ್ಷರು ಕಂಪನಿಯ ಉತ್ತರವನ್ನೂ ಮೇಷ್ಟ್ರ ನಾಲ್ಕು ಪುಟವನ್ನೂ ಅಕ್ಕಪಕ್ಕ ಇಟ್ಟುಕೊಂಡರು.

"ಈ ಏಳು ನಿಮ್ಮದೇನಮ್ಮ?"

"ನಂದೇ."

"ಈಗ ಬೆಳಕು ಕೆಟ್ಟದ್ದು ಅಂತೀರಿ. ಆಗ ಬರೆದದ್ದು ಸುಳ್ಳೋ, ಈಗ ಹೇಳ್ತಿರೋದು ಸುಳ್ಳೋ?"

"ಆಗ ಬರೆದದ್ದು."

"ಕೆಲಸ ಹೋಗುತ್ತೆ ಅಂತ ಹೆದರಿ ಬರೆದ್ರಾ?"

ಹೌದು ಎಂದಿದ್ದರೆ ಮೂವರೂ ಅಯ್ಯೋ ಪಾಪ ಎನ್ನುತ್ತಿದ್ದರೋ ಏನೋ. ಅವಳು ಯೋಚಿಸಿದಳು. "ಅದೂ ಇತ್ತು," ಎಂದಳು. "ಹೆಚ್ಚಾಗಿ ಬಸ್ಸು ತಪ್ಪುತ್ತೆ ಅಂತ."

ಬಲಗಡೆ ಕೂತವನಿಗೆ ನಗು ಬಂತು. ಅಧ್ಯಕ್ಷರಿಗೆ ಬರಲಿಲ್ಲ. ಮೇಷ್ಟ್ರ ನಾಲ್ಕು ಪುಟವನ್ನು ಕೆಲಸ ಕಳೆದುಕೊಂಡವನ ಸಿಟ್ಟು ಎಂದು ಪಕ್ಕಕ್ಕಿಟ್ಟರು. ಅದನ್ನು ಬರೆದಾಗ ಅವರು ಇನ್ನೂ ಕೆಲಸದಲ್ಲಿದ್ದರು ಎಂದು ಏಳಕ್ಕ ಹೇಳಿದಳು, ಮೇಷ್ಟ್ರೂ ಹೇಳಿದರು. ಒಂದೇ ವಿಷಯಕ್ಕೆ ಎರಡು ಮಾತಾಡಿದ ಸಾಕ್ಷಿ, ಅದೂ ಸ್ವಂತ ಅಕ್ಕ, ನಂಬಲು ಆಧಾರವಿಲ್ಲ ಎಂದು ಬರೆದುಕೊಂಡರು. ನಾಲ್ಕು ಗಂಟೆಗೆ ಆದೇಶ ಕೈಗೆ ಬಂತು. ತಮ್ಮನಿಗೆ ಬಸ್ಸು ಓಡಿಸುವ ಕೆಲಸ ಇನ್ನು ಯಾವತ್ತೂ ಇಲ್ಲ. ಹೊತ್ತಿಗೆ ಸರಿಯಾಗಿ ಏಳಕ್ಕನ ಫೋನಿಗೂ ಗಡಿಯಾರನಿಂದ ಒಂದು ಸಾಲು ಬಂತು. ನಾಳೆಯಿಂದ ಬರಬೇಡಿ.

ಮೇಷ್ಟ್ರು ನಡೆದು ಹೋದರು. ಅಕ್ಕ ತಮ್ಮ ಸ್ಟಾಪಿನಲ್ಲಿ ನಿಂತರು. ಆಮೇಲೆ ಅವನು ಮುರಿದ ಹಲ್ಲುಗಳ ಸಂದಿಯಿಂದ ಕೇಳಿದ.

"ಯಾವ ಬಸ್ ತಪ್ಪುತ್ತೆ ಅಂತ?"

"ಆರೂ ಹತ್ತು."

"ಅದು ನನ್ನ ಬಸ್."

"ಹೂಂ."

"ಹೇಳಿದ್ರೆ ಐದು ನಿಮಿಷ ನಿಲ್ಲಿಸ್ತಿದ್ದೆ."

"ಫಾರ್ಮಿಗೆ ಮುಕ್ಕಾಲು ಗಂಟೆ ಬೇಕಿತ್ತು ಕಣೋ."

ಅವನು ರಸ್ತೆಯ ಕಡೆ ತಿರುಗಿದ. "ಅದಾದ ಮೇಲೆ ಇನ್ನೊಂದು ಬಸ್ ಇರ್ಲಿಲ್ವಾ?"

"ಇತ್ತು," ಎಂದಳು ಅವಳು. "ಏಳೂ ಇಪ್ಪತ್ತಕ್ಕೆ."

ಬಸ್ಸು ಬಂತು. ಚಕ್ರ ಹಿಡಿದಿದ್ದವನು ಅವನಿಗೆ ಗುರುತಿನವನು, ಕೈ ಎತ್ತಿದ. ತಮ್ಮ ಮುಂದಿನ ಬಾಗಿಲಲ್ಲಿ ಹತ್ತಿ, ಚಾಲಕನ ಹಿಂದಿನ ಸೀಟು ಬಿಟ್ಟು, ಕೊನೆಯ ಸಾಲಿಗೆ ನಡೆದ. ಏಳಕ್ಕ ಹಿಂದೆಯೇ ಹತ್ತಿ, ಚೀಲ ಹಿಡಿದುಕೊಂಡು ಮನೆಯವರೆಗೂ ನಿಂತೇ ಹೋದಳು.